ಗುಜರಿ ಲೋಹವೂ ವಿಕಿರಣ ಮೂಲಗಳೂ

೧

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳಿವೆ. ಇವುಗಳಲ್ಲಿ ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಬೇರ್ಪಟ್ಟು ಸ್ವತಂತ್ರ ತಾಲೂಕುಗಳಾದುದು ಈಚೆಗೆ. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ನೀರನ್ನುಂಡು ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಕನ್ನಡ ಮರಾಠಿಗಳೆರಡೂ ಮನೆಮಾತುಗಳು. ಮುರಿದ ಕಬ್ಬಿಣ, ತಾಮ್ರ, ಸೀಸಗಳನ್ನು ತೂಕದ ಮೇಲೆ ಕೊಳ್ಳುವ ಅಂಗಡಿಗೆ ತೆಂಕಣ ಕನ್ನಡಿಗರು 'ಗುಜರಿ' ಎನ್ನುವರು. ಇಲ್ಲಿಯ ಪೇಟೆಗಳಲ್ಲಿ 'ಭಂಗಾರ' ಎಂಬ ಮಾತು ಕಿವಿಗೆ ಬೀಳುವುದು. 'ಮೋಡಕಾ' ಎನ್ನುವುದೂ ಉಂಟು. ಇವೆರಡೂ ಮರಾಠಿಯೊಡನೆ ನಮಗಿರುವ ಬಳಕೆಯಿಂದ ಬಂದ ಮಾತುಗಳು. ಭಂಗಾರಕ್ಕೂ ಬಂಗಾರಕ್ಕೂ ಬರಹದಲ್ಲಿರುವ ಭೇದವು ಒಂದು ಮಹಾಪ್ರಾಣದಷ್ಟೇ. ಆಡುಮಾತಿನಲ್ಲಿ ಅದೂ ಅನೇಕ ವೇಳೆ ಉಳಿಯುವುದಿಲ್ಲ. ಒಂದು ಉಸಿರು ತಪ್ಪಿದರೆ ವಸ್ತುವೇ ಬೇರೆಯಾಗುವುದು.

ಇದನ್ನು ಶಬ್ದವಿನೋದವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ವಸ್ತುವೊಂದು ತನ್ನ ಹೆಸರನ್ನು ಕಳೆದುಕೊಂಡು ಗುಜರಿಯ ತಕ್ಕಡಿಯನ್ನೇರಿದುದರಿಂದ ಮನುಷ್ಯರು ಪ್ರಾಣ ಕಳೆದುಕೊಂಡ ಪ್ರಸಂಗಗಳು ಲೋಕದಲ್ಲಿ ನಡೆದಿವೆ. ನಮ್ಮ ದೇಶದಲ್ಲಿಯೂ ನಡೆದಿದೆ. ಆ ವಸ್ತುಗಳು ಆಸ್ಪತ್ರೆ, ಕಾರಖಾನೆ, ಪ್ರಯೋಗಶಾಲೆಗಳಲ್ಲಿ ಬಳಸುವ ವಿಕಿರಣ ಮೂಲಗಳು. ಅವು ಹಳೆಯ ಲೋಹದೊಡನೆ ಬೆರೆಯುವುದು ಹೇಗೆ, ಬೆರೆತರೆ ಆಗುವ ಕೇಡೇನು, ಅದನ್ನು ತಡೆಯಲು ರಾಷ್ಟ್ರವು ಏರ್ಪಡಿಸಿರುವ ನಿಯಂತ್ರಣವೆಂತಹುದು, ಆ ನಿಯಂತ್ರಣವು ಎಲ್ಲಿ ಸಡಿಲವಾಗುವುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿಜ್ಞಾನಿಗಳಿಗೂ ಅಧಿಕಾರಿಗಳಿಗೂ ಸೇರಿದ ಈ ವಿಷಯವು ಸಾಹಿತ್ಯದ ಉಪಾಧ್ಯಾಯರು ಓದುವ ಪತ್ರಿಕೆಯಲ್ಲೇಕೆ ಎಂದು ಯಾರಾದರೂ ಕೇಳಬಹುದು. ಈ ನಿಯಂತ್ರಣವೆಲ್ಲವೂ ಕೊನೆಗೆ ಒಂದು ಗುರುತನ್ನು ಓದುವ, ಒಂದು ಮಾತನ್ನು ತಿಳಿಯುವ ಕಾರ್ಯದಲ್ಲಿ ಬಂದು ನಿಲ್ಲುವುದು. ಓದಿಸುವುದೂ ತಿಳಿಸುವುದೂ ನಮ್ಮ ಕೆಲಸವೇ ಸರಿಯಷ್ಟೆ.

ಮೇಲೆ ಹೇಳಿದ ಐದು ತಾಲೂಕುಗಳಲ್ಲಿ ಇಂತಹ ಆಪತ್ತು ಸಂಭವಿಸಿತೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಆದರೆ ಹಳೆಯ ಲೋಹವು ನಡೆಯುವ ದಾರಿ ಈ ಸೀಮೆಯ ಮೂಲಕವೇ ಹಾಯ್ದುಹೋಗಿದೆ. ಪುಣೆ ಬೆಂಗಳೂರು ಹೆದ್ದಾರಿಯು ಬೆಳಗಾವಿಯಿಂದ ಸಂಕೇಶ್ವರ, ನಿಪ್ಪಾಣಿ, ಕಾಗಲಗಳನ್ನು ದಾಟಿ ಕೊಲ್ಹಾಪುರದತ್ತ ಸಾಗುವುದು. ಅದರ ಒಂದು ತುದಿಯಲ್ಲಿ ಬೆಳಗಾವಿಯ ಉದ್ಯಮಬಾಗದ ಎರಕದ ಕಾರಖಾನೆಗಳು. ಇನ್ನೊಂದು ತುದಿಯಲ್ಲಿ ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾವಗಳ ಎರಕದ ಕಾರಖಾನೆಗಳು. ಪಂಪು, ಮೋಟಾರುಬಂಡಿ, ಯಂತ್ರಗಳ ಭಾಗಗಳನ್ನು ಎರಕಹೊಯ್ಯುವ ಈ ಕುಲುಮೆಗಳಿಗೆ ಹಳೆಯ ಕಬ್ಬಿಣವೇ ದೊಡ್ಡ ಆಹಾರ. ಸಕ್ಕರೆ ಕಾರಖಾನೆಯ ಸವೆದ ಉರುಳು, ಬಾವಿಯಿಂದ ತೆಗೆದ ಪಂಪು, ಮುರಿದ ನೇಗಿಲು, ಟ್ರ್ಯಾಕ್ಟರಿನ ಬಿಡಿಭಾಗ, ಇವೆಲ್ಲವೂ ಹಳ್ಳಿಯ ಕೈಗಾಡಿಯಿಂದ ಊರಿನ ಅಂಗಡಿಗೂ, ಅಲ್ಲಿಂದ ಲಾರಿಯಲ್ಲಿ ಕುಲುಮೆಗೂ ಹೋಗತಕ್ಕವು. ದಾರಿಯಲ್ಲಿ ಯಾರೂ ಅವುಗಳ ಚರಿತ್ರೆಯನ್ನು ಕೇಳುವುದಿಲ್ಲ, ತೂಕವನ್ನಷ್ಟೇ ಕೇಳುವರು. ಗುಜರಿಯ ಧರ್ಮವೇ ಅದು. ಅಲ್ಲಿ ಎಲ್ಲ ವಸ್ತುವೂ ತನ್ನ ಹಿಂದಿನ ಹೆಸರನ್ನು ಬಿಟ್ಟು ಬರಿಯ ಲೋಹವಾಗುವುದು.

೨

ವಿಕಿರಣ ಮೂಲವೆಂದರೇನೆಂಬುದನ್ನು ಮೊದಲು ತಿಳಿಯಬೇಕು. ಕೆಲವು ಪರಮಾಣುಗಳ ಬೀಜವು ಸ್ಥಿರವಾಗಿರದೆ ತನ್ನಷ್ಟಕ್ಕೆ ತಾನೇ ಒಡೆದು ಕಿರಣಗಳನ್ನು ಹೊರಚೆಲ್ಲುತ್ತಿರುವುದು. ಅಂತಹ ಪರಮಾಣುಗಳುಳ್ಳ ವಸ್ತುವನ್ನು ಚಿಕ್ಕದೊಂದು ಲೋಹದ ಕೋಶದಲ್ಲಿ ಭದ್ರವಾಗಿ ಮುಚ್ಚಿ ಬೆಸೆದರೆ ಅದೇ ಒಂದು ಮೂಲವಾಗುವುದು. ಕೋಬಾಲ್ಟ್-೬೦ ಎಂಬುದನ್ನು ಅರ್ಬುದರೋಗದ ಚಿಕಿತ್ಸೆಯಲ್ಲಿಯೂ, ವೈದ್ಯಸಾಮಗ್ರಿಗಳನ್ನು ಕ್ರಿಮಿರಹಿತವಾಗಿ ಮಾಡುವುದರಲ್ಲಿಯೂ ಬಳಸುವರು. ಸೀಸಿಯಂ-೧೩೭ ಎಂಬುದನ್ನು ದೊಡ್ಡ ತೊಟ್ಟಿಗಳಲ್ಲಿ ಪದಾರ್ಥವು ಎಷ್ಟು ಎತ್ತರಕ್ಕೆ ತುಂಬಿದೆಯೆಂದು ಹೊರಗಿನಿಂದಲೇ ಅಳೆಯುವ ಉಪಕರಣಗಳಲ್ಲಿ ಇಡುವರು. ಉಕ್ಕಿನ ಕೊಳವೆಗಳ ಬೆಸುಗೆಯಲ್ಲಿ ಬಿರುಕಿದೆಯೋ ಎಂದು ಚಿತ್ರ ತೆಗೆದು ನೋಡಲು ಇರಿಡಿಯಂ-೧೯೨ ಬೇಕಾಗುವುದು. ಇವೆಲ್ಲವೂ ಲೋಕೋಪಕಾರಕ್ಕೆ ಒದಗುವ ವಸ್ತುಗಳೆಂಬುದರಲ್ಲಿ ಸಂದೇಹವಿಲ್ಲ.

ಇವುಗಳ ಬಲವು ಕಾಲಕ್ರಮದಲ್ಲಿ ಕುಗ್ಗುವುದು. ಬಲವು ಅರ್ಧಕ್ಕೆ ಇಳಿಯುವ ಅವಧಿಗೆ ಅರ್ಧಾಯುವೆಂದು ಹೆಸರು. ಇರಿಡಿಯಂ-೧೯೨ರ ಅರ್ಧಾಯು ಸುಮಾರು ೭೪ ದಿನ; ಕೋಬಾಲ್ಟ್-೬೦ರದು ಸುಮಾರು ೫.೨೭ ವರ್ಷ, ಸೀಸಿಯಂ-೧೩೭ರದು ಸುಮಾರು ೩೦ ವರ್ಷ. ಯಂತ್ರದ ಆಯುಸ್ಸು ಒಂದು, ಒಳಗಿನ ಮೂಲದ ಆಯುಸ್ಸು ಮತ್ತೊಂದು. ಯಂತ್ರವು ಕೆಟ್ಟು ಮೂಲೆಗೆ ಬಿದ್ದ ಮೇಲೆಯೂ ಅದರೊಳಗಿನ ಮೂಲವು ಕೆಲಸ ಮಾಡುತ್ತಲೇ ಇರುವುದು.

ಈ ಅಂಶವು ಜನರ ಮನಸ್ಸಿಗೆ ಹತ್ತುವುದು ಕಷ್ಟ. ಅದಕ್ಕೆ ಭಾಷೆಯೂ ಒಂದು ಕಾರಣವಾಗಿದೆ. ಅರ್ಬುದರೋಗಿಗೆ ವಿಕಿರಣ ಚಿಕಿತ್ಸೆ ಮಾಡುವುದನ್ನು ನಮ್ಮ ಜನರು 'ಕರೆಂಟ್ ಕೊಡುವುದು' ಎನ್ನುವುದುಂಟು. ಮಾತು ಚೆಲುವಾಗಿದೆ, ಆದರೆ ಅದರಲ್ಲೊಂದು ಮೋಸವಡಗಿದೆ. ಕರೆಂಟು ತಂತಿಯನ್ನು ಕಿತ್ತರೆ ನಿಲ್ಲುವುದು. ತಂತಿಯಿಲ್ಲದೆ ಧೂಳು ಹಿಡಿದು ನಿಂತ ಯಂತ್ರವನ್ನು ಕಂಡವನು ಅದು ಸತ್ತ ಯಂತ್ರವೆಂದು ಭಾವಿಸುವುದು ಸಹಜ. ವಿಕಿರಣ ಮೂಲಕ್ಕಾದರೋ ತಂತಿಯೂ ಇಲ್ಲ, ಗುಂಡಿಯೂ ಇಲ್ಲ. ಅದರ ಕಿರಣಕ್ಕೆ ಬಣ್ಣ, ವಾಸನೆ, ಸದ್ದು, ಬಿಸಿ ಯಾವುದೂ ಇಲ್ಲ. ಕಣ್ಣು ಕಿವಿ ಮೂಗುಗಳಿಗೆ ಸಿಕ್ಕದ ಕೇಡನ್ನು ತಿಳಿಯುವುದಕ್ಕೆ ಇರುವ ದಾರಿಗಳು ಎರಡೇ: ಅಳೆಯುವ ಉಪಕರಣ, ಇಲ್ಲವೆ ಬರೆದಿಟ್ಟ ಗುರುತು.

ಇನ್ನೊಂದು ವಿಪರ್ಯಾಸವನ್ನೂ ಇಲ್ಲಿಯೇ ಹೇಳಬೇಕು. ಕಿರಣಗಳನ್ನು ತಡೆಯಲು ಮೂಲದ ಸುತ್ತಲೂ ದಪ್ಪವಾದ ಸೀಸದ ಕವಚವನ್ನೂ, ಅದರ ಹೊರಗೆ ಉಕ್ಕಿನ ಹೊದಿಕೆಯನ್ನೂ ಮಾಡಿರುವರು. ಸೀಸಕ್ಕೆ ಗುಜರಿಯಲ್ಲಿ ಕಬ್ಬಿಣಕ್ಕಿಂತ ಹೆಚ್ಚಿನ ಬೆಲೆ. ಆದಕಾರಣ ರಕ್ಷಣೆಗಾಗಿ ಇಟ್ಟ ಕವಚವೇ ಆಮಿಷವಾಗಿ, ಕವಚವನ್ನು ಬಿಡಿಸುವುದೇ ವ್ಯಾಪಾರದ ಲಾಭವಾಗಿ ಪರಿಣಮಿಸುವುದು.

೩

ಇದು ಹೇಗೆಂಬುದನ್ನು ದೆಹಲಿಯ ಮಾಯಾಪುರಿಯಲ್ಲಿ ೨೦೧೦ರಲ್ಲಿ ನಡೆದ ಪ್ರಸಂಗವು ತೋರಿಸಿಕೊಟ್ಟಿತು. ದೆಹಲಿ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾ ದೇಶದಿಂದ ತರಿಸಿದ್ದ 'ಗಾಮಾ ಸೆಲ್' ಎಂಬ ಪ್ರಯೋಗಯಂತ್ರವೊಂದಿತ್ತು. ಅದರಲ್ಲಿದ್ದುದು ಕೋಬಾಲ್ಟ್-೬೦. ಸುಮಾರು ೪೦ ವರ್ಷಗಳ ಹಿಂದೆ ಕೊಂಡಿದ್ದ ಆ ಯಂತ್ರವು ಬಹುಕಾಲದಿಂದ ಬಳಕೆಯಿಲ್ಲದೆ ಬಿದ್ದಿತ್ತು. ೨೦೧೦ರ ಫೆಬ್ರವರಿಯಲ್ಲಿ ಬೇಡವಾದ ಸಾಮಾನುಗಳೊಡನೆ ಅದನ್ನೂ ಹರಾಜಿನಲ್ಲಿ ಮಾರಿದರು. ಕೊಂಡವರು ಮಾಯಾಪುರಿಯ ಗುಜರಿ ವ್ಯಾಪಾರಿಗಳು. ಅಲ್ಲಿ ಯಂತ್ರವನ್ನು ಬಿಚ್ಚಿ, ಕವಚವನ್ನು ಕತ್ತರಿಸಿ, ಒಳಗಿನ ಲೋಹವನ್ನು ಹೊರತೆಗೆದರು. ಮೂಲದ ತುಣುಕುಗಳು ಬೇರೆ ಬೇರೆ ಅಂಗಡಿಗಳಿಗೂ ಹಂಚಿಹೋದುವು. ಒಬ್ಬ ವ್ಯಾಪಾರಿಯು ಹೊಳೆಯುವ ಒಂದು ತುಣುಕನ್ನು ತನ್ನ ಹಣದ ಚೀಲದಲ್ಲಿಟ್ಟುಕೊಂಡು ತಿರುಗಾಡಿದನು.

ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಮೈಮೇಲೆ ಸುಟ್ಟ ಗಾಯಗಳಾಗಿ, ಕೂದಲು ಉದುರಿ, ಚರ್ಮ ಕಪ್ಪಿಟ್ಟ ರೋಗಿಯೊಬ್ಬನನ್ನು ಪರೀಕ್ಷಿಸಿದ ವೈದ್ಯರಿಗೆ ವಿಕಿರಣದ ಅನುಮಾನವುಂಟಾಗಿ, ಏಪ್ರಿಲ್ ೭ರಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಸುದ್ದಿ ಮುಟ್ಟಿತು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರವೇ ಮೊದಲಾದ ಸಂಸ್ಥೆಗಳ ತಜ್ಞರು ಅಂಗಡಿಯಿಂದ ಅಂಗಡಿಗೆ ಉಪಕರಣ ಹಿಡಿದು ಹುಡುಕಿ ತುಣುಕುಗಳನ್ನು ಒಟ್ಟುಮಾಡಿದರು. ೭ ಮಂದಿ ವಿಕಿರಣದ ಗಾಯಗಳಿಂದ ಆಸ್ಪತ್ರೆ ಸೇರಿದರು. ಅವರಲ್ಲಿ ಗುಜರಿ ಅಂಗಡಿಯ ಕೆಲಸಗಾರನೊಬ್ಬನು ಏಪ್ರಿಲ್ ೨೬ರಂದು ಮೃತನಾದನು. ಅಂತರರಾಷ್ಟ್ರೀಯ ಮಾನದಂಡದ ಏಳು ಮೆಟ್ಟಿಲುಗಳಲ್ಲಿ ಈ ಘಟನೆಯನ್ನು ನಾಲ್ಕನೆಯದರಲ್ಲಿ ಇಟ್ಟರು.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡತಕ್ಕದ್ದು. ೪೦ ವರ್ಷವೆಂದರೆ ಕೋಬಾಲ್ಟಿಗೆ ಏಳೂವರೆ ಅರ್ಧಾಯುಗಳು. ಆ ವೇಳೆಗೆ ಮೂಲದ ಬಲವು ಆರಂಭದಲ್ಲಿದ್ದುದರ ಸುಮಾರು ೧೯೦ರಲ್ಲಿ ಒಂದು ಪಾಲಿಗೆ ಇಳಿದಿದ್ದಿರಬೇಕು. ಆ ಒಂದು ಪಾಲೇ ಒಬ್ಬನ ಪ್ರಾಣವನ್ನು ತೆಗೆಯಿತು.

ಮತ್ತೊಂದು ಸಂಗತಿಯು ಇದಕ್ಕಿಂತಲೂ ಗಮನಾರ್ಹವಾದುದು. ನಿಯಂತ್ರಣ ಮಂಡಳಿಯು ಹುಟ್ಟಿದ್ದು ೧೯೮೩ರಲ್ಲಿ. ಯಂತ್ರವು ಬಂದದ್ದು ಅದಕ್ಕಿಂತ ಮುಂಚೆ. ಕಾವಲುಗಾರನು ಬರುವುದಕ್ಕೆ ಮೊದಲೇ ಮನೆಯೊಳಗಿದ್ದ ವಸ್ತುವು ಕಾವಲಿನ ಪಟ್ಟಿಯಲ್ಲಿ ಸೇರದೆ ಉಳಿಯಿತು. ಅದನ್ನು ಬಳಸಿ ತಿಳಿದಿದ್ದವರು ಕಾಲಕ್ರಮದಲ್ಲಿ ವಿಭಾಗವನ್ನು ಬಿಟ್ಟರು. ಅವರೊಡನೆ ಅದರ ನೆನಪೂ ಹೊರಟುಹೋಯಿತು. ಉಳಿದದ್ದು ಭಾರವಾದ ಒಂದು ಕಬ್ಬಿಣದ ವಸ್ತು. ವಿದ್ಯಾಸ್ಥಾನವೊಂದರಲ್ಲಿಯೇ, ಓದುಬರಹ ಬಲ್ಲವರ ನಡುವೆಯೇ, ವಸ್ತುವು ತನ್ನ ಹೆಸರನ್ನು ಕಳೆದುಕೊಂಡಿತು. ಗುಜರಿಯವನು ಕಳೆದದ್ದಲ್ಲ ಅದು. ಅವನ ಕೈಗೆ ಬರುವ ಹೊತ್ತಿಗೆ ಹೆಸರು ಹೋಗಿಯೇ ಇತ್ತು.

ಹೀಗೆ ಒಡೆಯನನ್ನೂ ದಾಖಲೆಯನ್ನೂ ಕಳೆದುಕೊಂಡ ವಸ್ತುಗಳನ್ನು ಶಾಸ್ತ್ರಜ್ಞರು ಅನಾಥ ಮೂಲಗಳೆನ್ನುವರು. ಹೆಸರು ಅನ್ವರ್ಥವಾಗಿದೆ.

೪

ಕವಚ ಬಿಚ್ಚುವವನಿಗೆ ತಟ್ಟುವ ಕೇಡು ಒಂದು ಬಗೆ. ಯಾರ ಕಣ್ಣಿಗೂ ಬೀಳದೆ ಕುಲುಮೆಯನ್ನೇ ಸೇರಿದರೆ ಆಗುವ ಕೇಡು ಇನ್ನೊಂದು ಬಗೆ. ಬೆಂಕಿಯಲ್ಲಿ ಬೆಂದರೆ ವಿಷವೆಲ್ಲ ಹೋಗುವುದೆಂಬ ಸಾಮಾನ್ಯ ನಂಬಿಕೆಯು ಇಲ್ಲಿ ಸಲ್ಲದು. ಕಾವು ಪರಮಾಣುವಿನ ಬೀಜವನ್ನು ಮುಟ್ಟಲಾರದು. ಕರಗಿದಾಗ ಆಗುವುದೆಲ್ಲವೂ ಹಂಚಿಕೆ ಮಾತ್ರ. ಹಂಚಿಕೆಯಾದರೂ ಒಂದೊಂದು ಧಾತುವಿಗೆ ಒಂದೊಂದು ರೀತಿ. ಕೋಬಾಲ್ಟ್ ಉಕ್ಕಿನೊಡನೆ ಬೆರೆತು ಉಕ್ಕಿನಲ್ಲಿಯೇ ಉಳಿಯುವುದು. ಸೀಸಿಯಂ ಆವಿಯಾಗಿ ಹೊಗೆಯ ಧೂಳಿನೊಡನೆ ಹೋಗುವುದು. ಹೊಗೆ ಪತ್ತೆಮಾಡುವ ಉಪಕರಣಗಳೇ ಮೊದಲಾದುವುಗಳಲ್ಲಿರುವ ಅಮೆರಿಸಿಯಂ ಎಂಬುದು ಬಹುಪಾಲು ಕಿಟ್ಟದಲ್ಲಿ ನಿಲ್ಲುವುದು. ಆದ್ದರಿಂದ ಒಂದು ವಸ್ತುವು ಮಾಡಿದ ಸಾಮಾನನ್ನೂ, ಒಂದು ಊರಿನ ಗಾಳಿಯನ್ನೂ, ಒಂದು ಕಾರಖಾನೆಯ ಹಿತ್ತಲನ್ನೂ ಕೆಡಿಸುವುದು.

ಕೋಬಾಲ್ಟಿನ ರೀತಿಗೆ ಮೆಕ್ಸಿಕೋ ದೇಶದ ಸಿಯುದಾದ್ ಹುವಾರೆಜ್ ಪಟ್ಟಣದಲ್ಲಿ ನಡೆದುದು ಉದಾಹರಣೆ. ೧೯೮೩ರ ಕೊನೆಯಲ್ಲಿ ಚಿಕಿತ್ಸಾಯಂತ್ರವೊಂದರ ಕೋಬಾಲ್ಟ್ ಕಾಳುಗಳು, ಸುಮಾರು ೬೦೦೦ದಷ್ಟು, ಗುಜರಿಯ ಮೂಲಕ ಕುಲುಮೆ ಸೇರಿ, ಕಟ್ಟಡದ ಕಂಬಿಗಳೂ ಮೇಜಿನ ಕಾಲುಗಳೂ ಆದುವು. ೧೯೮೪ರ ಜನವರಿಯಲ್ಲಿ ಆ ಕಂಬಿಗಳನ್ನು ಹೇರಿದ ಲಾರಿಯೊಂದು ಅಮೆರಿಕದ ಲಾಸ್ ಅಲಮೋಸ್ ಪರಮಾಣು ಪ್ರಯೋಗಶಾಲೆಯ ಬಳಿ ಹಾಯುವಾಗ ಅಲ್ಲಿಯ ಪತ್ತೆಯಂತ್ರವು ಕೂಗಿಕೊಂಡಿತು. ಲಾರಿಯು ಬೇರೊಂದು ದಾರಿ ಹಿಡಿದಿದ್ದರೆ ಸಂಗತಿಯು ಎಷ್ಟು ಕಾಲ ಮುಚ್ಚಿಹೋಗಿರುತ್ತಿತ್ತೋ! ತೈವಾನಿನಲ್ಲಿ ೧೯೮೦ರ ದಶಕದ ಆರಂಭದಲ್ಲಿ ಇಂತಹ ಕಂಬಿಗಳಿಂದ ಕಟ್ಟಿದ ಮನೆಗಳಲ್ಲಿ ಜನರು ವರ್ಷಗಟ್ಟಲೆ ವಾಸಮಾಡಿದರು. ವಿಷಯವು ಬಯಲಿಗೆ ಬಂದದ್ದು ೧೯೯೨ರಲ್ಲಿ. ಸೀಸಿಯಮ್ಮಿನ ರೀತಿಗೆ ಸ್ಪೇನ್ ದೇಶವು ಸಾಕ್ಷಿ. ೧೯೯೮ರ ಮೇ ತಿಂಗಳಲ್ಲಿ ಅಲ್ಲಿಯ ದಕ್ಷಿಣ ತೀರದ ಉಕ್ಕಿನ ಕಾರಖಾನೆಯೊಂದರಲ್ಲಿ ಮೂಲವೊಂದು ಕರಗಿ, ಅದರ ಧೂಳನ್ನು ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಜರ್ಮನಿಗಳ ಗಾಳಿಯಲ್ಲಿ ಕಂಡುಕೊಂಡರು.

ನಮ್ಮ ಸೀಮೆಗೆ ಹತ್ತಿರವಾದ ನಿದರ್ಶನವೂ ಉಂಟು. ೨೦೦೮ರ ಅಕ್ಟೋಬರದಲ್ಲಿ ಫ್ರಾನ್ಸಿನ ಪರಮಾಣು ಸುರಕ್ಷಾ ಸಂಸ್ಥೆಯು, ಭಾರತದಿಂದ ಬಂದ ಉಕ್ಕಿನಿಂದ ಮಾಡಿದ ಲಿಫ್ಟುಗಳ ಗುಂಡಿಗಳಲ್ಲಿ ಕೋಬಾಲ್ಟ್-೬೦ರ ಅಂಶವಿರುವುದೆಂದು ಪ್ರಕಟಿಸಿತು. ಆ ಗುಂಡಿಗಳನ್ನು ಜೋಡಿಸಿದ ಕಾರಖಾನೆಯ ೨೦ ಕೆಲಸಗಾರರಿಗೆ ೧ರಿಂದ ೩ ಮಿಲಿಸೀವರ್ಟಿನಷ್ಟು ವಿಕಿರಣ ತಗುಲಿತ್ತು. ಸಾಮಾನ್ಯ ಜನರಿಗೆ ವರ್ಷಕ್ಕೆ ವಿಧಿಸಿರುವ ಮಿತಿಯು ೧ ಮಿಲಿಸೀವರ್ಟ್. ವಿಚಾರಿಸಿದಾಗ ಆ ಉಕ್ಕು ಮಹಾರಾಷ್ಟ್ರದ ಖೋಪೋಲಿಯ ಎರಕದ ಕಾರಖಾನೆಯೊಂದರಲ್ಲಿ ಗುಜರಿ ಲೋಹವನ್ನು ಕರಗಿಸಿ ತಯಾರಾದುದೆಂದು ತಿಳಿಯಿತು. ಪ್ರಾಣಹಾನಿಯಾಗಲಿಲ್ಲ, ಆದರೆ ಸರಕು ಹಿಂದಿರುಗಿತು, ಹೆಸರು ಕೆಟ್ಟಿತು. ಎರಕವನ್ನು ಪರದೇಶಗಳಿಗೆ ಕಳುಹಿಸಿ ಬದುಕುವ ಊರುಗಳಿಗೆ ಇದು ಸಣ್ಣ ಮಾತಲ್ಲ. ಅಂತಹ ಕುಲುಮೆಯಲ್ಲಿ ಒಮ್ಮೆ ಮೂಲವು ಕರಗಿದರೆ ಕುಲುಮೆಯನ್ನು ನಿಲ್ಲಿಸಿ, ಕಿಟ್ಟ ಧೂಳುಗಳನ್ನೆಲ್ಲ ತೊಳೆದು, ಕೆಟ್ಟ ಲೋಹವನ್ನು ಬೇರೆಯಿಡಬೇಕಾಗುವುದು. ಅಲ್ಲಿಯ ದಿನಗೂಲಿಯವರಿಗೆ ಅಷ್ಟು ದಿನವೂ ಕೂಲಿಯಿಲ್ಲ.

೫

ಈಗ ರಾಷ್ಟ್ರದ ನಿಯಂತ್ರಣವನ್ನು ನೋಡೋಣ. ಸಂವಿಧಾನದಲ್ಲಿ ಪರಮಾಣು ಶಕ್ತಿಯು ಕೇಂದ್ರದ ಪಟ್ಟಿಗೆ ಸೇರಿದುದು. ಆದಕಾರಣ ನಿಪ್ಪಾಣಿಯ ಅಂಗಡಿಯಿಂದ ಕಾಗಲದ ಕಾರಖಾನೆಗೆ ಲೋಹ ಹೋಗುವಾಗ ರಾಜ್ಯದ ಗಡಿ ದಾಟಿದರೂ ಕಾನೂನು ಬದಲಾಗುವುದಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ೧೯೬೨ರ ಪರಮಾಣು ಶಕ್ತಿ ಶಾಸನದ ಆಧಾರದ ಮೇಲೆ ೧೯೮೩ರ ನವೆಂಬರ್ ೧೫ರಂದು ಸ್ಥಾಪಿತವಾಯಿತು. ತರುವಾಯ ೧೯೮೭ರಲ್ಲಿ ವಿಕಿರಣಶೀಲ ತ್ಯಾಜ್ಯಗಳ ವಿಲೇವಾರಿಯನ್ನು ಕುರಿತೂ, ೨೦೦೪ರಲ್ಲಿ ವಿಕಿರಣದಿಂದ ರಕ್ಷಣೆಯನ್ನು ಕುರಿತೂ ನಿಯಮಗಳು ಬಂದುವು.

ಈ ನಿಯಮಗಳ ಸಾರವನ್ನು ಒಂದು ಸರಪಣಿಗೆ ಹೋಲಿಸಬಹುದು. ಮೊದಲನೆಯ ಕೊಂಡಿ, ಅನುಮತಿ: ಮಂಡಳಿಯ ಒಪ್ಪಿಗೆಯಿಲ್ಲದೆ ಯಾರೂ ಮೂಲವನ್ನು ಕೊಳ್ಳಕೂಡದು, ಮಾರಕೂಡದು, ಸಾಗಿಸಕೂಡದು. ಎರಡನೆಯದು, ಹೊಣೆಗಾರ: ಮೂಲವಿರುವ ಸಂಸ್ಥೆಯಲ್ಲಿ ತರಬೇತಿ ಹೊಂದಿದ ವಿಕಿರಣ ಸುರಕ್ಷಾಧಿಕಾರಿಯಿರಬೇಕು. ಮೂರನೆಯದು, ಲೆಕ್ಕ: ಯಾವ ಮೂಲವು ಎಲ್ಲಿದೆಯೆಂಬ ಪಟ್ಟಿಯಿರಬೇಕು. ನಾಲ್ಕನೆಯದು, ಹಿಂದಿರುಗಿಸುವಿಕೆ: ಬಳಕೆ ಮುಗಿದ ಮೂಲವನ್ನು ತಯಾರಿಸಿದವರಿಗೆ ಕಳುಹಿಸಬೇಕು, ಇಲ್ಲವೆ ಅಂಗೀಕೃತವಾದ ತ್ಯಾಜ್ಯಸ್ಥಾನಕ್ಕೆ ಒಪ್ಪಿಸಬೇಕು. ನಾಲ್ಕೂ ಕೊಂಡಿಗಳು ಗಟ್ಟಿಯಾಗಿದ್ದರೆ ಗುಜರಿಯ ಅಂಗಡಿಗೆ ಮೂಲವು ಬರುವ ಮಾತೇ ಇಲ್ಲ.

ಮಾಯಾಪುರಿಯ ಯಂತ್ರದ ವಿಷಯದಲ್ಲಿ ತಪ್ಪಿದುದು ಮೂರನೆಯ ಮತ್ತು ನಾಲ್ಕನೆಯ ಕೊಂಡಿಗಳು. ಆ ತರುವಾಯ ವಿಶ್ವವಿದ್ಯಾನಿಲಯಗಳೆಲ್ಲವೂ ತಮ್ಮಲ್ಲಿರುವ ಮೂಲಗಳನ್ನು ಹುಡುಕಿ ಲೆಕ್ಕ ಒಪ್ಪಿಸಬೇಕೆಂದು ಆಜ್ಞೆಯಾಯಿತು. ೨೦೧೨ರಲ್ಲಿ ಭಾರತದ ಮಹಾಲೇಖಪಾಲರು ಮಂಡಳಿಯ ಕಾರ್ಯವನ್ನು ಪರಿಶೀಲಿಸಿದ ವರದಿಯಲ್ಲಿ, ದೇಶದಲ್ಲಿರುವ ಎಲ್ಲ ಮೂಲಗಳ ವಿವರವಾದ ಪಟ್ಟಿಯು ಮಂಡಳಿಯಲ್ಲಿಲ್ಲವೆಂದೂ, ಬಳಸಿ ಬಿಟ್ಟ ಮೂಲಗಳು ನಿಜವಾಗಿ ವಿಲೇವಾರಿಯಾದುವೆ ಎಂದು ನೋಡುವ ವ್ಯವಸ್ಥೆಯು ಸಾಲದೆಂದೂ ಆಕ್ಷೇಪಿಸಿದರು. ಅನುಮತಿ, ಲೆಕ್ಕ, ಹಿಂದಿರುಗಿಸುವಿಕೆಗಳನ್ನು ಗಣಕಯಂತ್ರದ ಮೂಲಕ ಒಂದೇ ಕಡೆ ದಾಖಲಿಸುವ 'ಇ-ಲೋರಾ' ಎಂಬ ಏರ್ಪಾಡನ್ನು ಮಂಡಳಿಯು ಜಾರಿಗೆ ತಂದಿತು. ಅದು ಒಳ್ಳೆಯ ಕೆಲಸ. ಆದರೆ ಹೊಸ ಪಟ್ಟಿಯು ಹೊಸ ವಸ್ತುಗಳನ್ನು ಹಿಡಿಯುವಷ್ಟು ಸುಲಭವಾಗಿ ಪಟ್ಟಿಗೆ ಮುಂಚಿನ ವಸ್ತುಗಳನ್ನು ಹಿಡಿಯಲಾರದು.

ಪರದೇಶದಿಂದ ಬರುವ ಗುಜರಿಗೆ ಬೇರೊಂದು ಕಾವಲುಂಟು. ೨೦೦೪ರಲ್ಲಿ ಗಾಜಿಯಾಬಾದಿನ ಉಕ್ಕಿನ ಕಾರಖಾನೆಯಲ್ಲಿ ಪರದೇಶದ ಗುಜರಿಯೊಳಗಿದ್ದ ಸಿಡಿಗುಂಡುಗಳು ಸಿಡಿದು ಜನರು ಸತ್ತ ಮೇಲೆ, ಹಡಗಿಗೆ ಹೇರುವ ಮೊದಲೇ ಲೋಹವನ್ನು ಪರೀಕ್ಷಿಸಿ, ಮದ್ದುಗುಂಡುಗಳಾಗಲಿ ವಿಕಿರಣಶೀಲ ವಸ್ತುಗಳಾಗಲಿ ಇಲ್ಲವೆಂಬ ಪ್ರಮಾಣಪತ್ರವನ್ನು ಒಪ್ಪಿಸಬೇಕೆಂಬ ನಿಬಂಧನೆಯನ್ನು ಬಿಗಿಗೊಳಿಸಿದರು. ಬಂದರುಗಳಲ್ಲಿ ಲಾರಿಗಳು ಹಾಯುವಾಗಲೇ ವಿಕಿರಣವನ್ನು ಪತ್ತೆಮಾಡುವ ದ್ವಾರಗಳನ್ನಿಡುವ ಕೆಲಸವೂ ನಡೆಯಿತು. ಇವೂ ಅವಶ್ಯವೇ. ಆದರೆ ಮಾಯಾಪುರಿಯ ಯಂತ್ರವು ಯಾವ ಬಂದರಿನಿಂದಲೂ ಆಗ ಬಂದುದಲ್ಲ. ಅದೇ ಊರಿನ ವಿದ್ಯಾಸ್ಥಾನದಿಂದ ಬಂದುದು. ಕಡಲ ಬಾಗಿಲ ಕಾವಲುಗಾರನು ಮನೆಯ ನಡುಮನೆಯಲ್ಲಿರುವುದನ್ನು ಕಾಣನು. ನಿಪ್ಪಾಣಿಯ ಉತ್ತರಕ್ಕೆ ಕೊಗನೊಳ್ಳಿಯ ಸುಂಕದ ಕಟ್ಟೆಯಲ್ಲಿ ಲಾರಿಗೆ ಸುಂಕ ಕೊಡುವುದು ಅದರ ಗಾತ್ರಕ್ಕೆ. ಹೇರಿದ ಲೋಹದ ಪೂರ್ವಚರಿತ್ರೆಯು ಅಲ್ಲಿ ಲೆಕ್ಕಕ್ಕೆ ಬಾರದು.

ಹೀಗಿರುವಲ್ಲಿ ಸರಪಣಿಗೆ ಐದನೆಯ ಕೊಂಡಿಯೊಂದು ಬೇಕು. ಅದು ಗುಜರಿಯ ಅಂಗಡಿ. ಸ್ಪೇನ್ ದೇಶವು ತನ್ನ ಅನುಭವದಿಂದ ಕಲಿತ ಪಾಠವು ಇಲ್ಲಿ ಉಪಯುಕ್ತವಾದುದು. ೧೯೯೯ರಲ್ಲಿ ಅಲ್ಲಿಯ ಸರ್ಕಾರ, ಉಕ್ಕಿನ ಉದ್ಯಮ, ಗುಜರಿ ವ್ಯಾಪಾರ ಮತ್ತು ಕಾರ್ಮಿಕ ಸಂಘಗಳು ಕೂಡಿ ಒಂದು ಒಡಂಬಡಿಕೆಯನ್ನು ಮಾಡಿಕೊಂಡುವು. ಕಾರಖಾನೆಗಳು ಪತ್ತೆಯಂತ್ರಗಳನ್ನಿಡುವುದು, ಸಿಕ್ಕಿದುದನ್ನು ಕೂಡಲೆ ತಿಳಿಸುವುದು, ತಿಳಿಸಿದ ಮೇಲೆ ಅದನ್ನು ಸರ್ಕಾರದ ತ್ಯಾಜ್ಯಸಂಸ್ಥೆಯು ಒಯ್ಯುವುದು ಎಂಬುದು ಅದರ ತಿರುಳು. ಇದರ ವಿವೇಕವಿರುವುದು ಕೊನೆಯ ಮಾತಿನಲ್ಲಿ. ತಿಳಿಸಿದವನೇ ಅಪರಾಧಿಯಾಗುವನು, ವಸ್ತುವನ್ನು ಸಾಗಿಸುವ ವೆಚ್ಚವೂ ಅವನ ತಲೆಯ ಮೇಲೆಯೇ ಬೀಳುವುದು ಎಂದಾದರೆ ಯಾರೂ ತಿಳಿಸರು. ರಾತ್ರಿಯಲ್ಲಿ ಹಳ್ಳಕ್ಕೆ ಎಸೆದು ಸುಮ್ಮನಾಗುವರು. ಪೊಲೀಸರೆಂದರೆ ಅಂಜುವ ಸಣ್ಣ ವ್ಯಾಪಾರಿಗೆ 'ನೀನು ತಿಳಿಸಿದರೆ ನಿನಗೆ ನಷ್ಟವಿಲ್ಲ' ಎಂಬ ಭರವಸೆಯನ್ನು ಕೊಡದ ನಿಯಂತ್ರಣವು ಕಾಗದದ ಮೇಲೆ ಎಷ್ಟು ಅಂದವಾಗಿದ್ದರೂ ಅವನ ಅಂಗಡಿಯ ಹೊಸ್ತಿಲಲ್ಲಿಯೇ ನಿಲ್ಲುವುದು.

೬

ಕೊನೆಯದಾಗಿ ಗುರುತಿನ ವಿಚಾರ. ಹಳದಿಯ ಮೇಲೆ ಮೂರು ರೆಕ್ಕೆಗಳುಳ್ಳ ವಿಕಿರಣಚಿಹ್ನೆಯನ್ನು ಓದಿದವರು ಕಂಡಿರುವರು. ಇದರ ಮೊದಲ ರೂಪವು ೧೯೪೬ರಲ್ಲಿ ಅಮೆರಿಕದ ಬರ್ಕ್ಲಿ ಪಟ್ಟಣದ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಚಿಹ್ನೆಯು ಸುಂದರವಾಗಿದೆ, ಆದರೆ ಕಲಿಸದಿದ್ದರೆ ಏನನ್ನೂ ಹೇಳದು. ಅರಿಯದವನ ಕಣ್ಣಿಗೆ ಅದು ಗಾಳಿ ಬೀಸುವ ಪಂಖೆಯ ಮೂರು ರೆಕ್ಕೆ. ಥಾಯ್ ದೇಶದ ಸಮುತ್ ಪ್ರಾಕಾನಿನಲ್ಲಿ ೨೦೦೦ದ ಆರಂಭದಲ್ಲಿ ಹಳೆಯ ಚಿಕಿತ್ಸಾಯಂತ್ರದ ಕೋಬಾಲ್ಟ್ ಭಾಗವನ್ನು ಗುಜರಿಯವರು ಬಿಚ್ಚಿದರು. ಅದರ ಮೇಲೆ ಆ ಚಿಹ್ನೆಯಿತ್ತು. ಎಚ್ಚರಿಕೆಯ ಬರಹವೂ ಇತ್ತು. ಆದರೆ ಬರಹವು ಅವರ ಭಾಷೆಯಲ್ಲಿರಲಿಲ್ಲ, ಚಿಹ್ನೆಯ ಅರ್ಥವನ್ನು ಅವರು ಅರಿತಿರಲಿಲ್ಲ. ಮೂವರು ಸತ್ತರು. ಬ್ರೆಜಿಲ್ ದೇಶದ ಗೋಯಾನಿಯಾದಲ್ಲಿ ೧೯೮೭ರ ಸೆಪ್ಟೆಂಬರಿನಲ್ಲಿ, ಬಿಟ್ಟುಹೋದ ಚಿಕಿತ್ಸಾಲಯದಿಂದ ತೆಗೆದ ಯಂತ್ರವೊಂದರೊಳಗಿನ ಸೀಸಿಯಂ ಪುಡಿಯು ಕತ್ತಲಲ್ಲಿ ನೀಲಿಯಾಗಿ ಬೆಳಗುವುದನ್ನು ಕಂಡು, ಗುಜರಿ ಅಂಗಡಿಯವರು ಅದನ್ನು ಅಪೂರ್ವ ವಸ್ತುವೆಂದು ಬಂಧುಮಿತ್ರರಿಗೆ ಹಂಚಿದರು. ಮಕ್ಕಳು ಮೈಗೆ ಬಳಿದುಕೊಂಡರು. ಸತ್ತ ನಾಲ್ವರಲ್ಲಿ ಆರು ವರ್ಷದ ಬಾಲಿಕೆಯೊಬ್ಬಳು. ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಪರೀಕ್ಷಿಸಿದಾಗ ೨೪೯ ಮಂದಿಯ ಮೇಲೆ ಆ ವಿಷದ ಅಂಶ ಕಂಡಿತು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯು ನಮ್ಮಲ್ಲಿದೆ. ಆದರೆ ಹಾಲಲ್ಲದುದು ಏನೆಂದು ಹೇಳುವವರೂ ಬೇಕಷ್ಟೆ.

ಈ ಅನುಭವಗಳ ಫಲವಾಗಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ೨೦೦೭ರ ಫೆಬ್ರವರಿಯಲ್ಲಿ ಹೊಸ ಚಿಹ್ನೆಯೊಂದನ್ನು ಪ್ರಕಟಿಸಿತು. ಕೆಂಪು ನೆಲದ ತ್ರಿಕೋನದಲ್ಲಿ ಮೇಲೆ ಮೂರು ರೆಕ್ಕೆ ಮತ್ತು ಅದರಿಂದ ಹೊರಡುವ ಕಿರಣಗಳು, ಕೆಳಗೆ ತಲೆಬುರುಡೆ, ಪಕ್ಕದಲ್ಲಿ ಓಡುತ್ತಿರುವ ಮನುಷ್ಯ. ಭಾರತವೂ ಸೇರಿ ೧೧ ದೇಶಗಳಲ್ಲಿ ೧೬೫೦ ಜನರಿಗೆ, ಓದುಬರಹ ಬಲ್ಲವರಿಗೂ ಬಾರದವರಿಗೂ, ತೋರಿಸಿ ಪರೀಕ್ಷಿಸಿ ಇದನ್ನು ಆರಿಸಿದರು. ಇದನ್ನು ಹಾಕುವುದು ಯಂತ್ರದ ಹೊರಮೈಯ ಮೇಲಲ್ಲ. ಬಿಚ್ಚಲು ಹೊರಟವನ ಕಣ್ಣಿಗಷ್ಟೇ ಬೀಳುವಂತೆ ಒಳಗೆ, ಮೂಲದ ಬಳಿಯಲ್ಲಿ. ಅಕ್ಷರವಿಲ್ಲದೆ ಬರೆದ ವಾಕ್ಯವಿದು: ಇಲ್ಲಿಂದ ಹೊರಡುವುದು ಸಾವು, ಓಡು. ಆದರೆ ೨೦೦೭ಕ್ಕೆ ಮುಂಚಿನ ಯಂತ್ರಗಳ ಒಳಗೆ ಈ ವಾಕ್ಯವಿಲ್ಲ. ಗುಜರಿಗೆ ಬರತಕ್ಕವು ಬಹುಪಾಲು ಆ ಹಳೆಯ ಯಂತ್ರಗಳೇ.

ಆದಕಾರಣ ಯಂತ್ರದ ಮೇಲೆ ಬರೆಯದೆ ಉಳಿದುದನ್ನು ಮನುಷ್ಯನ ಮನಸ್ಸಿನಲ್ಲಿ ಬರೆಯಬೇಕಾಗಿದೆ. ಅದಕ್ಕೆ ತಕ್ಕ ಮಾತು ಯಾವುದು? 'ವಿಕಿರಣಶೀಲ' ಎಂಬ ಶಬ್ದವು ಪಾಠದ ಪುಸ್ತಕಕ್ಕೆ ಸಲ್ಲುವುದು. ಅಥಣಿಯ ಕೈಗಾಡಿಯವನಿಗೆ ಅದು ಸಮುತ್ ಪ್ರಾಕಾನಿನ ಪರಭಾಷೆಯ ಬರಹದಷ್ಟೇ ದೂರ. ಅವನಿಗೆ ವಸ್ತುವಿನ ಶಾಸ್ತ್ರನಾಮವು ಬೇಕಿಲ್ಲ. ಅದರ ಲಕ್ಷಣವೂ ತಾನು ಮಾಡಬೇಕಾದ ಕೆಲಸವೂ ತಿಳಿದರೆ ಸಾಕು. ಲಕ್ಷಣವಿದು: ಗಾತ್ರಕ್ಕೆ ಮೀರಿದ ತೂಕ, ದಪ್ಪ ಸೀಸದ ಒಳಹೊದಿಕೆ, ಆಸ್ಪತ್ರೆ ಪ್ರಯೋಗಶಾಲೆಗಳಿಂದ ಬಂದ ಮುಚ್ಚಿದ ಪೆಟ್ಟಿಗೆ, ಮೂರು ರೆಕ್ಕೆಯ ಗುರುತು. ಇವುಗಳಲ್ಲಿ ಯಾವುದನ್ನು ಕಂಡರೂ ಮಾಡಬೇಕಾದುದು ಇಷ್ಟು: ಕತ್ತರಿಸಬ್ಯಾಡ್ರಿ, ಕರಗಸಬ್ಯಾಡ್ರಿ, ಕಿಸೆದಾಗ ಇಟ್ಕೋಬ್ಯಾಡ್ರಿ, ದೂರ ಸರೀರಿ, ಮಂದೀನ್ನ ದೂರ ಇಡ್ರಿ, ತಿಳಸ್ರಿ. ಮರಾಠಿ ಮನೆಮಾತಿನವರಿಗೆ 'ಕಾಪೂ ನಕಾ, ವಿತಳವೂ ನಕಾ, ದೂರ ವ್ಹಾ' ಎಂದರೆ ಆಯಿತು. ದೂರ ಸರಿಯುವುದೆಂಬುದು ಬರಿಯ ಭಯದ ಮಾತಲ್ಲ. ಚಿಕ್ಕ ಮೂಲದಿಂದ ದೂರವು ಎರಡರಷ್ಟಾದರೆ ತಗಲುವ ವಿಕಿರಣವು ಕಾಲುಭಾಗಕ್ಕೆ ಇಳಿಯುವುದು, ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಭಾಗಕ್ಕೆ. ತಿಳಿಸುವುದಕ್ಕೆ ೧೧೨ ಎಂಬ ತುರ್ತು ಸಂಖ್ಯೆಯುಂಟು. ಅಲ್ಲಿಂದ ಸುದ್ದಿಯನ್ನು ತಜ್ಞರಿಗೆ ಮುಟ್ಟಿಸುವುದು ಅಧಿಕಾರಿಗಳ ಹೊಣೆ.

ಈ ಕಾರ್ಯದಲ್ಲಿ ಉಪಾಧ್ಯಾಯರಿಗೆ ಎರಡು ಪಾಲುಗಳಿವೆ. ಮೊದಲನೆಯದು ನಮ್ಮ ಮನೆಯೊಳಗಿನದು. ಮಾಯಾಪುರಿಯ ಯಂತ್ರವು ವಿದ್ಯಾಸ್ಥಾನದಿಂದ ಹೊರಟುದೆಂಬುದನ್ನು ನಾವು ಮರೆಯಲಾಗದು. ಕಾಲೇಜುಗಳ ಬೀಗ ಹಾಕಿದ ಕೋಣೆಗಳಲ್ಲಿರುವ ಹಳೆಯ ಸಾಮಾನನ್ನು ಹರಾಜು ಹಾಕುವ ಮುನ್ನ ಪ್ರತಿಯೊಂದರ ಹೆಸರನ್ನೂ ಪೂರ್ವವನ್ನೂ ಕೇಳಬೇಕು. ಹೆಸರು ತಿಳಿಯದ ವಸ್ತುವನ್ನು ತೂಕಕ್ಕೆ ಹಾಕಕೂಡದು. ಎರಡನೆಯದು ಊರಿನೊಳಗಿನದು. ತರಗತಿಯಲ್ಲಿ ಕುಳಿತ ಹುಡುಗರಲ್ಲಿ ಗುಜರಿ ಅಂಗಡಿಯವರ ಮಕ್ಕಳೂ, ಎರಕದ ಕಾರಖಾನೆಯ ಕೂಲಿಗಾರರ ಮಕ್ಕಳೂ ಇರುವರು. ಆ ಮೂರು ರೆಕ್ಕೆಯ ಗುರುತನ್ನು ಒಂದು ದಿನ ಹಲಗೆಯ ಮೇಲೆ ಬರೆದು ಅದರ ಅರ್ಥವನ್ನು ಅವರ ಮನೆಮಾತಿನಲ್ಲಿ ಹೇಳಿದರೆ ಸಂಜೆಯೊಳಗೆ ಅದು ಅಂಗಡಿಯ ತಕ್ಕಡಿಯವರೆಗೆ ತಲುಪುವುದು. ಮುಂಬಯಿಯಿಂದ ಹೊರಡುವ ಸುತ್ತೋಲೆಗೆ ಅಷ್ಟು ಬೇಗ ಅಲ್ಲಿಗೆ ಬರಲಾಗದು.

ಭಂಗಾರ ಬಂಗಾರಗಳಿಗಿರುವ ಒಂದು ಉಸಿರಿನ ಭೇದವನ್ನು ಹೇಳಿ ಈ ಲೇಖನವನ್ನು ಆರಂಭಿಸಿದೆವು. ವಸ್ತುಗಳಿಗೆ ಸರಿಯಾದ ಹೆಸರನ್ನಿಡುವುದೂ, ಇಟ್ಟ ಹೆಸರನ್ನು ಅಳಿಯದಂತೆ ಕಾಪಾಡುವುದೂ ವಿದ್ವಾಂಸರ ಹಳೆಯ ಧರ್ಮ. ಗುಜರಿಯ ರಾಶಿಯ ಮುಂದೆ ಬರಿಗೈಯಲ್ಲಿ ಕುಳಿತು ಲೋಹವನ್ನು ಬೇರ್ಪಡಿಸುವವನ ಜೀವವು ಆ ಧರ್ಮದ ಪಾಲನೆಯನ್ನು ಅವಲಂಬಿಸಿರುವುದೆಂಬುದು ಮಾತ್ರ ನಮಗೆ ಈಚೆಗೆ ತಿಳಿದುಬಂದ ಸಂಗತಿ.